ಎತ್ತಿನ ಕೊಂಬು ಸೊಟ್ಟ ಇರಲಿ ಬಿಡಿ

ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ನನ್ನ ಮಗಳು ಹೋಗುವ ಶಿಶುವಿಹಾರದಲ್ಲಿ ಮೊನ್ನೆ ಟೀಚರ್ ಒಬ್ಬರು ನನ್ನ ಕೈಯನ್ನು ಮೆಲ್ಲಗೆ ತಡೆದರು. ಅದು ಇನ್ನೂ ಮನಸ್ಸಿನಿಂದ ಹೋಗಿಲ್ಲ.

ಅವತ್ತು ಅಪ್ಪ ಅಮ್ಮಂದಿರು ಮಕ್ಕಳ ಜೊತೆ ಕೂತು ಉಪ್ಪುಹಿಟ್ಟಿನಲ್ಲಿ ಆಟಿಕೆ ಮಾಡುವ ದಿನ. ಎರಡು ಬಟ್ಟಲು ಮೈದಾ, ಒಂದು ಬಟ್ಟಲು ಉಪ್ಪು, ಒಂದು ಬಟ್ಟಲು ನೀರು. ಅಷ್ಟೇ ಸಾಮಾನು. ಉಪ್ಪು ಅಷ್ಟು ಇರುವುದರಿಂದ ಬೂಸ್ಟು ಹಿಡಿಯುವುದಿಲ್ಲ, ಒಣಗಿದ ಮೇಲೆ ಕಲ್ಲಿನಂತಾಗುತ್ತದೆ. ಅದೇ ಉಪ್ಪಿನ ದೆಸೆಯಿಂದ ಮಕ್ಕಳು ಬಾಯಿಗೆ ಹಾಕಿಕೊಳ್ಳದಂತೆ ಕಣ್ಣಿಟ್ಟಿರಬೇಕು. ಹಿಟ್ಟು ನಾದಿದ್ದೂ ಮಕ್ಕಳೇ. ನೆಲವೆಲ್ಲ ಬೆಳ್ಳಗಾಯಿತು, ಯಾರೂ ಗದರಲಿಲ್ಲ.

ಬೆಳಿಗ್ಗೆಯೇ ಅವ್ವ ಫೋನ್ ಮಾಡಿ, "ಇವತ್ತ ಮಣ್ಣೆತ್ತಿನ ಅಮಾಸಿ, ನೆನಪೈತೇನಪಾ?" ಅಂದಿದ್ದಳು. ಮಣ್ಣಿನ ಎತ್ತು ಮಾಡಿ ಪೂಜಿಸುವ ನಮ್ಮ ಕಡೆಯ ಹಬ್ಬ ಅದು. ಅವ್ವನ ಮಾತು ಕೇಳಿಸಿಕೊಂಡಿದ್ದ ಮಗಳು ಎತ್ತು ಮಾಡುತ್ತೇನೆ ಅಂತ ಹಟ ಹಿಡಿದಳು. ನಾಲ್ಕು ವರ್ಷದ ಕೈ. ಹೊಟ್ಟೆ ಕುಂಬಳಕಾಯಿಯಂತೆ ಬಂತು, ಕಾಲು ಮೂರೇ ಬಂದವು. ಡುಬ್ಬ ಕುತ್ತಿಗೆ ಬಿಟ್ಟು ಬಾಲದ ಹತ್ತಿರ ಹೋಗಿ ಕೂತಿತು. ನನಗೆ ತಡೆಯಲಾಗಲಿಲ್ಲ. ಅವಳ ಕೈಯಿಂದ ಎತ್ತು ತೆಗೆದುಕೊಂಡು ಡುಬ್ಬ ಸರಿ ಮಾಡಲು ಹೋದೆ. ಆಗ ಪಕ್ಕದಲ್ಲಿದ್ದ ಟೀಚರ್ ನನ್ನ ಮಣಿಕಟ್ಟಿನ ಮೇಲೆ ಕೈಯಿಟ್ಟು ನಗುತ್ತಲೇ ಹೇಳಿದರು: "ಅದು ಅವಳದ್ದು."

ಎರಡೇ ಮಾತು. ಆದರೆ ಚುಚ್ಚಿತು. ಮಗಳ ಮುಖ ನೋಡಿದೆ. ಅವಳು ಎರಡೂ ಕೈ ಚಾಚಿಕೊಂಡು, ತನ್ನ ಎತ್ತು ವಾಪಸ್ ಬರಲಿ ಅಂತ ಕಾಯುತ್ತಾ ಕೂತಿದ್ದಳು.

ಇಲ್ಲಿಗೆ ಬಂದು ಆರು ವರ್ಷವಾಯಿತು. ಈ ಊರಿಗೂ ಆಟಿಕೆಗೂ ಹಳೆಯ ನಂಟು. 1950ರಿಂದ ಇಲ್ಲಿ ದೊಡ್ಡ ಆಟಿಕೆ ಮೇಳ ನಡೆಯುತ್ತಿದೆ. ಅಂಥ ಊರಲ್ಲೂ ಶರತ್ಕಾಲ ಬಂತೆಂದರೆ ಮಕ್ಕಳು ಮರದಡಿ ಬಿದ್ದ ಕಂದು ಬೀಜ ಆರಿಸಿ, ಅದಕ್ಕೆ ಬೆಂಕಿಕಡ್ಡಿ ಚುಚ್ಚಿ ಕುದುರೆ, ಮುಳ್ಳುಹಂದಿ ಮಾಡುತ್ತಾರೆ. ನವೆಂಬರ್ 11ರ ಸೇಂಟ್ ಮಾರ್ಟಿನ್ ಹಬ್ಬಕ್ಕೆ ಕಾಗದದ ಲಾಟೀನು ಅಂಟಿಸುತ್ತಾರೆ. ಕೆಲವು ಶಿಶುವಿಹಾರಗಳಲ್ಲಂತೂ ಮೂರು ತಿಂಗಳು ಆಟಿಕೆಗಳನ್ನೆಲ್ಲ ಕಟ್ಟಿ ಮೇಲಿಟ್ಟುಬಿಡುತ್ತಾರೆ. ಕುರ್ಚಿ, ಮೇಜು, ಹೊದಿಕೆ, ಇವೇ ಆಟದ ಸಾಮಾನು. ದೊಡ್ಡವರಾದ ಮೇಲೆ ಚಟಕ್ಕೆ ಬೀಳದಿರಲಿ ಅಂತ 1992ರಲ್ಲಿ ನಾವಿರುವ ಇದೇ ಬವೇರಿಯಾ ರಾಜ್ಯದಲ್ಲಿ ಶುರುವಾದ ಪದ್ಧತಿ ಇದು. ಬೇಜಾರಾದರೆ ಆಗಲಿ, ಆಮೇಲೆ ಮಕ್ಕಳೇ ಏನಾದರೂ ಹುಡುಕಿಕೊಳ್ಳುತ್ತಾರೆ ಅನ್ನುವ ನಂಬಿಕೆ.

ಇಷ್ಟೆಲ್ಲ ನೋಡಿಯೂ ನನಗೆ ಗೊತ್ತಾಗದೇ ಇದ್ದದ್ದು ಒಂದೇ. ಮಗುವಿನ ಕೆಲಸಕ್ಕೆ ದೊಡ್ಡವರು ಕೈ ಹಾಕುವುದಿಲ್ಲ. ಲಾಟೀನು ವಾರೆಯಾಗಿದ್ದರೆ ವಾರೆಯಾಗಿಯೇ ಬೀದಿಗೆ ಬರುತ್ತದೆ.

ನಮ್ಮಲ್ಲಿ ಹಾಗೆ ಬಿಡುತ್ತೇವಾ? ಹೋದ ವರ್ಷ ಊರಿಗೆ ಹೋದಾಗ ಅಕ್ಕನ ಮನೆಯಲ್ಲಿ ನೋಡಿದೆ. ಎರಡನೇ ಕ್ಲಾಸಿನ ಅಳಿಯನಿಗೆ ಶಾಲೆಯಲ್ಲಿ ಪ್ರಾಜೆಕ್ಟ್ ಕೊಟ್ಟಿದ್ದರು, ಹಳ್ಳಿಮನೆಯ ಮಾದರಿ. ರಾತ್ರಿ ಹನ್ನೊಂದಾದರೂ ಅಕ್ಕ ಥರ್ಮಾಕೋಲ್ ಕೊಯ್ಯುತ್ತಾ ಕೂತಿದ್ದಳು. ಹುಡುಗ ನಿದ್ದೆ ಹೋಗಿದ್ದ. ಬೆಳಿಗ್ಗೆ ಎದ್ದು ಅದನ್ನು ಮುಟ್ಟಲು ಬಂದರೆ, "ಮುಟ್ಟಬ್ಯಾಡ, ಮುರದೀತು" ಅಂದಳು. ಅವನ ಪ್ರಾಜೆಕ್ಟನ್ನು ಅವನೇ ಮುಟ್ಟುವಂತಿಲ್ಲ! ಅಕ್ಕನದೇನು ತಪ್ಪು, ಮಗು ಮಾಡಿದ್ದನ್ನು ಹಾಗೇ ಒಯ್ದರೆ ಶಾಲೆಯಲ್ಲಿ ಬೈಯುತ್ತಾರಂತೆ.

ಮಣ್ಣೆತ್ತಿನ ಕಥೆಯೂ ಅಷ್ಟೇ. ಧಾರವಾಡದ ಪೇಟೆಯಲ್ಲಿ ಜೋಡೆತ್ತು, ಅವು ಮೇವು ತಿನ್ನುವ ಗ್ವಾದಲಿ ಎಲ್ಲ ತಯಾರು ಸಿಗುತ್ತವೆ. ಕುಂಬಾರರ ಹೊಟ್ಟೆಪಾಡು ಅದು, ಬೇಡ ಅನ್ನಲಾರೆ. ಆದರೆ ಮನೆಯಲ್ಲಿ ಮಕ್ಕಳಿದ್ದೂ, ಹೊರಗೆ ಮೊದಲ ಮಳೆಗೆ ನೆನೆದ ಎರೆಮಣ್ಣು ಇದ್ದೂ, ಮಗು ಅದನ್ನು ಮುಟ್ಟಿದರೆ "ಅರಬಿ ಹೊಲಸ ಆಕ್ಕಾವು" ಅಂತ ಒಳಗೆ ಎಳೆದುಕೊಂಡು ಬರುತ್ತೇವಲ್ಲ, ಅದು ನನಗೆ ಸಹಿಸಲಾಗುವುದಿಲ್ಲ. ಆಮೇಲೆ ಅದೇ ಮಗುವಿಗೆ ಪ್ಲಾಸ್ಟಿಕ್ ಡಬ್ಬಿಯ ಬಣ್ಣದ ಜೇಡಿಯನ್ನು ದುಡ್ಡು ಕೊಟ್ಟು ತಂದುಕೊಡುತ್ತೇವೆ. ಅಚ್ಚಿನ ಸಮೇತ. ಅಚ್ಚಿನಲ್ಲಿ ಒತ್ತಿದರೆ ತಪ್ಪಾಗುವುದಿಲ್ಲ ನೋಡಿ. ತಪ್ಪಾಗದ ಆಟದಲ್ಲಿ ಮಗುವಿಗೆ ಮಾಡಲು ಏನು ಉಳಿಯಿತು?

ಇಷ್ಟು ಬರೆದ ಮೇಲೆ ಇನ್ನೊಂದನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಶಿಶುವಿಹಾರದಲ್ಲಿ ಅವತ್ತು ಮಗಳ ಎತ್ತಿನ ಕೊಂಬು ಮೂರು ಸಲ ಬಿತ್ತು. ಟೀಚರ್ ಪ್ರತಿ ಸಲವೂ "ಏನು ಮಾಡಬಹುದು, ಯೋಚಿಸು" ಅಂದರೇ ಹೊರತು ತೋರಿಸಲಿಲ್ಲ. ಮೂರನೇ ಸಲಕ್ಕೆ ಅವಳು ಅತ್ತಳು. ನಮ್ಮಪ್ಪ ಎತ್ತು ಮಾಡುವಾಗ ನಾನು ಪಕ್ಕದಲ್ಲೇ ಇರುತ್ತಿದ್ದೆ. ಎರೆಮಣ್ಣು ಒಣಗಿದರೆ ಬಿರಿಯುತ್ತದೆ ಅಂತ ಚೂರು ಹತ್ತಿ ಸೇರಿಸಿ ಹದ ಮಾಡುತ್ತಿದ್ದ. ಕೊಂಬಿಗೆ ಒಳಗೊಂದು ಕಡ್ಡಿ. ಹೆಬ್ಬೆರಳಿನಿಂದ ಮೇಲಕ್ಕೆ ಒಮ್ಮೆ ಎಳೆದರೆ ಡುಬ್ಬ ಎದ್ದು ನಿಲ್ಲುತ್ತಿತ್ತು. ಅಪ್ಪ ಏನೂ ಹೇಳಿಕೊಡಲಿಲ್ಲ, ನಾನು ಸುಮ್ನೆ ನೋಡಿದೆ. ನನಗೆ ಅದು ಇವತ್ತಿಗೂ ಬರುತ್ತದೆ. ಆ ಎತ್ತಿಗೆ ಅವ್ವ ಎಡೆ ಹಿಡಿಯುತ್ತಿದ್ದಳು, ಮನೆಮಂದಿಯೆಲ್ಲ ಕೈ ಮುಗಿಯುತ್ತಿದ್ದರು. ಇಲ್ಲಿ ಮಾಡಿದ್ದು ಹೆಸರಿನ ಚೀಟಿ ಹಚ್ಚಿಸಿಕೊಂಡು ಕಿಟಕಿಯ ಮೇಲೆ ಕೂರುತ್ತದೆ. ಆಮೇಲೆ ಅದಕ್ಕೆ ಕೆಲಸವಿಲ್ಲ.

ಸಂಜೆ ಎತ್ತನ್ನೂ ಉಳಿದ ಹಿಟ್ಟನ್ನೂ ಡಬ್ಬಿಯಲ್ಲಿ ಹಾಕಿಕೊಂಡು ಮನೆಗೆ ಬಂದೆವು. ವಿಡಿಯೋ ಕಾಲ್‌ನಲ್ಲಿ ಅವ್ವನಿಗೆ ತೋರಿಸಿದೆ. ಮೂರು ಕಾಲು, ಒಂದೇ ಕೊಂಬು. ಅವ್ವ ಕನ್ನಡಕ ಸರಿಮಾಡಿಕೊಂಡು ನೋಡಿದಳು.

"ಛಲೋ ಆಗೇತಿ ನಮ್ಮವ್ವಾ" ಅಂದಳು ಮೊಮ್ಮಗಳಿಗೆ. ಆಮೇಲೆ ನನಗೆ, "ಒಂಟಿ ಎತ್ತ ಇಡಬಾರದಪಾ, ಜೋಡಿ ಬೇಕು. ಇನ್ನೊಂದು ನೀ ಮಾಡು."

ಅಡುಗೆಮನೆಯ ನೆಲದ ಮೇಲೆ ಕೂತು ಮಾಡಿದೆ. ಮಗಳು ಮೊಣಕಾಲ ಮೇಲೆ ಗದ್ದ ಇಟ್ಟುಕೊಂಡು ನನ್ನ ಬೆರಳುಗಳನ್ನೇ ನೋಡುತ್ತಿದ್ದಳು. ನಾನು ಕೊಂಬಿಗೆ ಕಡ್ಡಿ ಇಟ್ಟೆ, ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವಳು ಎದ್ದು ಹೋಗಿ ಹಲ್ಲುಕಡ್ಡಿಯ ಡಬ್ಬಿ ತಂದಳು. ತನ್ನ ಎತ್ತನ್ನು ತೊಡೆಯ ಮೇಲೆ ಇಟ್ಟುಕೊಂಡು, ನನಗೆ ಬೆನ್ನು ಮಾಡಿ ಕೂತಳು.