ಸರ್ವರ್ ಡೌನ್ ಐತಿ, ನಾಳೆ ಬರ್ರಿ

ಜಾಲತಾಣ ಕೆಟ್ಟು ನಿಂತಾಗ ಅದಕ್ಕೆ ಕಾರಣವೇನೆಂದು ಹುಡುಕುವುದು ಬೇರೆ ಊರುಗಳ ರೂಢಿಯಾಗಿರಬಹುದು. ಹುಬ್ಬಳ್ಳಿಯಿಂದ ಹಾವೇರಿಯವರೆಗಿನ ನಮ್ಮ ಸೀಮೆಯಲ್ಲಿ ಆ ತೊಂದರೆಯಿಲ್ಲ, ಏಕೆಂದರೆ ಇಲ್ಲಿ ಕಾರಣವು ಮೊದಲೇ ಸಿದ್ಧವಾಗಿರುತ್ತದೆ. ಉತಾರ ಕೇಳಿದರೂ, ಪರೀಕ್ಷೆಯ ಫಲಿತಾಂಶ ಕೇಳಿದರೂ, ಠೇವಣಿಯ ಬಡ್ಡಿ ದರ ಕೇಳಿದರೂ ಕಿಟಕಿಯ ಆಚೆಯಿಂದ ಬರುವ ಉತ್ತರ ಒಂದೇ: “ಸರ್ವರ್ ಡೌನ್ ಐತಿ, ನಾಳೆ ಬರ್ರಿ.” ಹೀಗೆ ಹೇಳುವವರು ಸರ್ವರ್ ಎಂಬ, ಜಾಲತಾಣವನ್ನು ಇಟ್ಟುಕೊಂಡು ಕೇಳಿದವರಿಗೆ ಕಳಿಸುವ ಕಂಪ್ಯೂಟರನ್ನು ಎಂದೂ ಕಂಡವರಲ್ಲ, ಅದು ಮುಂಬಯಿಯಲ್ಲಿದೆಯೋ ಸಿಂಗಪುರದಲ್ಲಿದೆಯೋ ಬಲ್ಲವರೂ ಅಲ್ಲ, ಆದರೆ ಅದು ಬಿದ್ದಿದೆ ಎಂಬ ವಿಷಯದಲ್ಲಿ ಮಾತ್ರ ಅವರಿಗೆ ಎಳ್ಳಷ್ಟೂ ಸಂಶಯವಿರುವುದಿಲ್ಲ.

ಇದರಿಂದ ಆ ಬಡಪಾಯಿ ಸರ್ವರ್‌ಗೆ ಆಗುತ್ತಿರುವ ಮಾನಹಾನಿಯನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ. ಪರದೆಯ ಮೇಲೆ 404 ಎಂದು ಬಂದರೆ ಸರ್ವರ್ ಎಚ್ಚರವಾಗಿದೆ, ಕೇಳಿದ ಪುಟವನ್ನು ಹುಡುಕಿದೆ, ಸಿಗದಿದ್ದಾಗ ಸಿಗಲಿಲ್ಲವೆಂದು ಪ್ರಾಮಾಣಿಕವಾಗಿ ಹೇಳಿದೆ ಎಂದೇ ಅರ್ಥ. ಪುಟದ ವಿಳಾಸವನ್ನು ಬದಲಿಸಿ ಹಳೆಯ ಕೊಂಡಿಯನ್ನು ಹಾಗೆಯೇ ಬಿಟ್ಟವರು ನಾವು. 500 ಎಂದು ಬಂದರೆ ಒಳಗಿನ ಪ್ರೋಗ್ರಾಂ ಎಲ್ಲಿಯೋ ಮುಗ್ಗರಿಸಿದೆ, ಯಾವ ಕಡತದ ಯಾವ ಸಾಲಿನಲ್ಲಿ ಮುಗ್ಗರಿಸಿತೆಂಬುದನ್ನು ದಿನಾಂಕ ಮತ್ತು ಗಂಟೆ ಸಮೇತ ಎರರ್ ಲಾಗ್ ಎಂಬ ತಪ್ಪುಗಳ ದಿನಚರಿಯಲ್ಲಿ ಸಾಮಾನ್ಯವಾಗಿ ಬರೆದೂ ಇಟ್ಟಿರುತ್ತದೆ. ಅದನ್ನು ತೆರೆದು ಓದುವ ಕೆಲಸವೊಂದು ಬಾಕಿಯಿರುತ್ತದೆ, ಅಷ್ಟೆ. 503 ಎಂದರೆ ಸದ್ಯಕ್ಕೆ ಭಾರ ಹೆಚ್ಚಾಗಿದೆ ಅಥವಾ ದುರಸ್ತಿ ನಡೆದಿದೆ ಎಂದು. ಇದರ ಜೊತೆಗೆ ‘ರಿಟ್ರೈ ಆಫ್ಟರ್’ ಎಂಬ ಸಾಲೊಂದನ್ನು ಕಳಿಸಿ, ಇಷ್ಟು ಸೆಕೆಂಡು ಬಿಟ್ಟು ಬನ್ನಿ ಅಥವಾ ಇಂಥ ದಿನಾಂಕದ ಇಂಥ ಗಂಟೆಗೆ ಬನ್ನಿ ಎಂದು ತಿಳಿಸುವ ಅವಕಾಶವನ್ನು, ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ಎಚ್‌ಟಿಟಿಪಿ ನಿಯಮವೇ ಕೊಟ್ಟಿದೆ. “ನಾಳೆ ಬರ್ರಿ” ಎನ್ನುವ ನಮ್ಮ ಕಾರಕೂನರು ಆ ನಿಯಮವನ್ನು ಓದದೆಯೇ ಅರಗಿಸಿಕೊಂಡವರು. ವ್ಯತ್ಯಾಸವಿಷ್ಟೇ, ಯಂತ್ರವು ಹೇಳುವ ಹೊತ್ತು ಒಂದಲ್ಲ ಒಂದು ಸಲ ಬಂದೇ ಬರುತ್ತದೆ. ಸರ್ವರ್ ನಿಜವಾಗಿಯೂ ಮಲಗಿಬಿಟ್ಟಿದ್ದರೆ ಸಾಮಾನ್ಯವಾಗಿ ಇಂಥ ಯಾವ ಅಂಕಿಯೂ ಬರುವುದಿಲ್ಲ, ಬ್ರೌಸರ್ ಕಾದು ಕಾದು ಉತ್ತರವೇ ಇಲ್ಲವೆಂದು ಕೈಚೆಲ್ಲುತ್ತದೆ.

ರೋಗವು ತನ್ನ ಹೆಸರನ್ನು ತಾನೇ ಹಣೆಯ ಮೇಲೆ ಬರೆದುಕೊಂಡು ಬಂದರೂ ಅದನ್ನು ಓದದೆ ಚಿಕಿತ್ಸೆಗೆ ಇಳಿಯುವುದು ಹೇಗೆಂಬುದನ್ನು ಕಲಿಯಬೇಕಾದರೆ ಗದಗ ಸೀಮೆಯ ಪತ್ತಿನ ಸಹಕಾರಿ ಸಂಘವೊಂದರ ಕಥೆ ಕೇಳಬೇಕು. 1905ರಲ್ಲಿಯೇ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ನೆಲವಿದು. ಇಲ್ಲಿ ಯಾವ ಕೆಲಸವೂ ಠರಾವಿಲ್ಲದೆ ಆಗುವುದಿಲ್ಲ. ಒಂದು ಬೆಳಿಗ್ಗೆ ಸಂಘದ ಜಾಲತಾಣವನ್ನು ತೆರೆದವರಿಗೆಲ್ಲ ಕೆಂಪು ತ್ರಿಕೋನದ ಕೆಳಗೆ ‘ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ’ ಎಂಬ ಎಚ್ಚರಿಕೆ ಕಾಣಿಸಿತು. ತುರ್ತು ಸಭೆ ಸೇರಿತು. ಹಿರಿಯ ನಿರ್ದೇಶಕರೊಬ್ಬರು ಕನ್ನಡಕ ಸರಿಪಡಿಸಿಕೊಂಡು, ನಮ್ಮದು ಸಹಕಾರಿ ಸಂಘವಾದ್ದರಿಂದ ಅದು ಖಾಸಗಿ ಆಗಿರಲು ಸಾಧ್ಯವೇ ಇಲ್ಲ, ಕಂಪ್ಯೂಟರ್ ಹೇಳಿದ್ದು ಕಾನೂನಿನ ಪ್ರಕಾರ ಸರಿಯಾಗಿಯೇ ಇದೆ ಎಂದು ಅಭಿಪ್ರಾಯಪಟ್ಟರು. ಸಭೆ ಒಪ್ಪಿತು. ಆದರೂ ಸದಸ್ಯರ ದೂರುಗಳು ನಿಲ್ಲದ ಕಾರಣ, ಮುಂಜಾಗ್ರತೆಗಾಗಿ ಒಂದು ಹೊಸ ಯುಪಿಎಸ್, ಒಂದು ಆ್ಯಂಟಿವೈರಸ್ ಮತ್ತು ಕಾರ್ಯದರ್ಶಿಯವರ ಕೋಣೆಗೆ ಒಂದು ಹೊಸ ಕಂಪ್ಯೂಟರ್ ಖರೀದಿಸಲು ಮಂಜೂರಾತಿ ನೀಡಲಾಯಿತು. ಎಚ್ಚರಿಕೆಯ ಅಡಿಯಲ್ಲಿ ಸಣ್ಣ ಅಕ್ಷರಗಳಲ್ಲಿ ‘ಸರ್ಟ್ ಡೇಟ್ ಇನ್‌ವ್ಯಾಲಿಡ್’ ಎಂಬ ಸಾಲಿತ್ತು. ಇದು ಅಸಲಿ ತಾಣವೆಂದು ಬ್ರೌಸರಿಗೆ ಸಾಕ್ಷಿ ಹೇಳುವ ಪ್ರಮಾಣಪತ್ರದ ಅವಧಿ ಮುಗಿದಿದೆ, ನವೀಕರಿಸಿ ಎಂಬುದು ಅದರ ಒಟ್ಟು ತಾತ್ಪರ್ಯ.

ಒಬ್ಬ ತರುಣ ಸದಸ್ಯನು ಇದನ್ನು ಓದಿ ಹೇಳಿದ್ದರಿಂದ ಸಮಸ್ಯೆ ಇನ್ನಷ್ಟು ಜಟಿಲವಾಯಿತು. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಸಂಸ್ಥೆಯ ಸೇವೆಯು 2015ರ ಕೊನೆಯಿಂದ ಈ ಪ್ರಮಾಣಪತ್ರವನ್ನು ಜಗತ್ತಿಗೆಲ್ಲ ಪುಕ್ಕಟೆಯಾಗಿ ಕೊಡುತ್ತಿದೆ, ಅವಧಿ 90 ದಿನ, ತನ್ನಷ್ಟಕ್ಕೆ ನವೀಕರಣವಾಗುವಂತೆ ಸರ್ವರಿನಲ್ಲಿ ಒಂದು ಏರ್ಪಾಡು ಮಾಡಿಟ್ಟರೆ ಮತ್ತೆ ಆ ಕಡೆ ತಲೆಹಾಕಬೇಕಿಲ್ಲ ಎಂದು ಅವನು ವಿವರಿಸಿದ. ಪುಕ್ಕಟೆ ಎಂಬ ಮಾತು ಕೇಳಿ ಸಭೆ ಬೆಚ್ಚಿತು. ಯಾವ ವಸ್ತು ತರಬೇಕಾದರೂ ಮೂರು ಕೊಟೇಶನ್ ತರಿಸಿ ಅತಿ ಕಡಿಮೆಯದನ್ನು ಆರಿಸಬೇಕೆಂಬುದು ಸಂಘದ ಪದ್ಧತಿ. ಶೂನ್ಯ ರೂಪಾಯಿಗೆ ಮೂರು ಕೊಟೇಶನ್ ತರುವುದು ಎಲ್ಲಿಂದ, ತಂದರೂ ಮೂರು ಶೂನ್ಯಗಳಲ್ಲಿ ಅತಿ ಕಡಿಮೆಯ ಶೂನ್ಯ ಯಾವುದೆಂದು ಆಡಿಟರ್ ಕೇಳಿದರೆ ಹೇಳುವುದೇನು? ಕೊನೆಗೆ ಹಣ ಕೊಟ್ಟು ತರುವ ಪ್ರಮಾಣಪತ್ರವನ್ನೇ ತರಿಸುವುದೆಂದು ನಿರ್ಧಾರವಾಯಿತು, ಏಕೆಂದರೆ ಅದಕ್ಕೆ ರಸೀದಿ ಸಿಗುತ್ತದೆ. ಈ ಸಂಘದ ಆಡಳಿತ ಮಂಡಳಿ ಮೂರು ತಿಂಗಳಿಗೊಮ್ಮೆ ಸೇರುತ್ತದೆ. 2029ರ ಮಾರ್ಚ್ 15ರಿಂದ ಇಂಥ ಪ್ರಮಾಣಪತ್ರಗಳ ಗರಿಷ್ಠ ಅವಧಿಯನ್ನು 47 ದಿನಗಳಿಗೆ ಇಳಿಸಲು ಬ್ರೌಸರ್ ಕಂಪನಿಗಳೂ ಪ್ರಮಾಣಪತ್ರ ನೀಡುವವರೂ ಕೂಡಿ ತೀರ್ಮಾನಿಸಿರುವುದರಿಂದ, ಅಂದಿನಿಂದ ಒಂದು ಸಭೆಯಲ್ಲಿ ಮಂಜೂರಾದ ಪ್ರಮಾಣಪತ್ರವು ಮುಂದಿನ ಸಭೆಯ ನಡಾವಳಿ ಓದುವ ಮೊದಲೇ ಕಾಲವಾಗಿರುತ್ತದೆ. ಆಗ ಶ್ರದ್ಧಾಂಜಲಿಯ ಠರಾವೊಂದನ್ನು ಸೇರಿಸಿಕೊಂಡರೆ ಸಾಕು.

ಇಂಥದೇ ಎಚ್ಚರಿಕೆ ಜಾಲತಾಣದ ತಪ್ಪಿಲ್ಲದೆಯೂ ಬರುವುದುಂಟು ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಹಳೆಯ ಕಂಪ್ಯೂಟರಿನ ಮದರ್‌ಬೋರ್ಡಿನಲ್ಲಿರುವ ನಾಣ್ಯದಗಲದ ಬ್ಯಾಟರಿ ಸತ್ತಿದ್ದರೆ, ಕರೆಂಟು ಹೋಗಿ ಬಂದ ಕೂಡಲೇ ಯಂತ್ರದ ದಿನಾಂಕ ಹಲವು ವರ್ಷ ಹಿಂದಕ್ಕೆ ಜಿಗಿಯುತ್ತದೆ, ಆಗ ಇಂದಿನ ಪ್ರಮಾಣಪತ್ರಗಳೆಲ್ಲ ಅದರ ಕಣ್ಣಿಗೆ ಇನ್ನೂ ಹುಟ್ಟದವುಗಳಾಗಿ ಕಾಣುತ್ತವೆ. ಪರದೆಯ ಬಲಮೂಲೆಯ ದಿನಾಂಕವನ್ನು ನೋಡಿದರೆ ಮುಗಿಯಿತು. ಆದರೆ ದಿನಾಂಕ ನೋಡುವುದಕ್ಕಿಂತ “ಇಡೀ ಇಂಟರ್ನೆಟ್ಟ ಡೌನ್ ಐತ್ರೀ” ಎಂದು ಘೋಷಿಸುವುದು ಹೆಚ್ಚು ಗೌರವದ ಕೆಲಸ.

ಅವಳಿ ನಗರದಲ್ಲಿ ಇನ್ನೊಂದು ಬಗೆಯ ರೋಗವು ರಾಜಕೀಯ ರೂಪವನ್ನೇ ತಾಳಿದೆ. ಸಂಸ್ಥೆಯೊಂದು ತನ್ನ ಜಾಲತಾಣವನ್ನು ಹಳೆಯ ಹೋಸ್ಟಿಂಗಿನಿಂದ, ಅಂದರೆ ಬಾಡಿಗೆಯ ಸರ್ವರಿನಿಂದ, ಹೊಸದಕ್ಕೆ ಸಾಗಿಸಿತೆನ್ನಿ. ಡೊಮೈನ್ ಎಂಬ ಜಾಲತಾಣದ ಹೆಸರು ಯಾವ ಸರ್ವರ್‌ಗೆ ಸೇರಿದ್ದೆಂದು ತಿಳಿಸುವ ಡಿಎನ್‌ಎಸ್ ದಾಖಲೆಗೆ ಟಿಟಿಎಲ್ ಎಂಬ ಆಯುಷ್ಯವಿರುತ್ತದೆ. ಅದನ್ನು 86400 ಸೆಕೆಂಡು ಎಂದಿಟ್ಟಿದ್ದರೆ ಹಳೆಯ ವಿಳಾಸವನ್ನು ನೆನಪಿಟ್ಟುಕೊಂಡ ಇಂಟರ್ನೆಟ್ ಕಂಪನಿಗಳು ಒಂದು ಪೂರ್ತಿ ದಿನದವರೆಗೂ ಜನರನ್ನು ಹಳೆಯ ಮನೆಗೇ ಕಳಿಸುತ್ತಿರುತ್ತವೆ. ಸಾಗಿಸುವ ಹಿಂದಿನ ದಿನವೇ ಅದನ್ನು 300 ಸೆಕೆಂಡಿಗೆ ಇಳಿಸಿಟ್ಟಿದ್ದರೆ ಈ ಗೊಂದಲ ಬಹುಮಟ್ಟಿಗೆ ತಪ್ಪುತ್ತಿತ್ತು. ಇಳಿಸಲಿಲ್ಲ. ಪರಿಣಾಮವಾಗಿ ಹುಬ್ಬಳ್ಳಿಯ ಕಚೇರಿಯಲ್ಲಿ ಹೊಸ ಜಾಲತಾಣವೂ ಬೇರೊಂದು ಕಂಪನಿಯ ಸಂಪರ್ಕವಿದ್ದ ಧಾರವಾಡದ ಕಚೇರಿಯಲ್ಲಿ ಹಳೆಯ ಜಾಲತಾಣವೂ ಕಾಣಿಸಿದವು. ಹೊಸದೆಲ್ಲ ಮೊದಲು ಹುಬ್ಬಳ್ಳಿಗೇ ಹೋಗುತ್ತದೆ, ಧಾರವಾಡದ ಪಾಲಿಗೆ ಹಳೆಯದೇ ಗತಿ ಎಂದು ಬಹುಕಾಲದಿಂದ ಹೇಳುತ್ತ ಬಂದವರಿಗೆ ಇದಕ್ಕಿಂತ ಬಲವಾದ ದಾಖಲೆ ಬೇಕಿರಲಿಲ್ಲ. ಮನವಿಪತ್ರ ಸಿದ್ಧವಾಯಿತು, ಸಹಿಗಳು ಬಿದ್ದವು, ನಿಯೋಗ ಹೊರಟಿತು. ನಿಯೋಗವು ನವಲೂರು ದಾಟುವಷ್ಟರಲ್ಲಿ 86400 ಸೆಕೆಂಡು ಮುಗಿದು ಧಾರವಾಡದಲ್ಲಿಯೂ ಹೊಸ ಜಾಲತಾಣ ತೆರೆದುಕೊಂಡಿತು. ಹೋರಾಟಕ್ಕೆ ಇಷ್ಟು ಬೇಗ ಫಲ ಸಿಕ್ಕ ಉದಾಹರಣೆ ನಮ್ಮ ಭಾಗದಲ್ಲಿ ಅಪರೂಪವಾದ್ದರಿಂದ ಪೇಢೆ ಹಂಚಲಾಯಿತು.

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗಳೊಬ್ಬರ ಜಾಲತಾಣ ತೆರೆದುಕೊಳ್ಳಲು ಬಹಳ ಹೊತ್ತು ಹಿಡಿಯುವುದರ ಕಾರಣವನ್ನು ಇಲ್ಲಿ ವಿವರಿಸಬೇಕಾಗಿಲ್ಲ. ಮುಖಪುಟದಲ್ಲಿ ಅವರ ಸನ್ಮಾನದ ಫೋಟೋ ಕ್ಯಾಮೆರಾದಿಂದ ಬಂದ ಗಾತ್ರದಲ್ಲಿಯೇ ಕುಳಿತಿದೆ, ಕುಗ್ಗಿಸಿರೆಂದರೆ ಅದನ್ನು ಅವಮಾನವೆಂದು ಭಾವಿಸುತ್ತಾರೆ.

ಇನ್ನು ಬ್ಯಾಕಪ್ಪಿನ, ಅಂದರೆ ಕೆಟ್ಟರೆ ಇರಲಿ ಎಂದು ತೆಗೆದಿಡುವ ನಕಲಿನ ವಿಷಯ.

“ಬ್ಯಾಕಪ್ ಐತೇನ್ರೀ?”

“ಐತಲ್ರೀ, ದಿನಾ ಆಗತೈತಿ.”

“ಎಲ್ಲಿ ಇಟ್ಟೀರಿ?”

“ಅದ ಸರ್ವರ್‌ನ್ಯಾಗ ಇಟ್ಟೀವಿ. ಅದು ಚಾಲೂ ಆದಕೂಡ್ಲೇ ತಗದು ಕೊಡ್ತೀವಿ.”

ಆದರೆ ಈ ಎಲ್ಲ ರೋಗಗಳ ಬೇರು ಬೇರೆ ಕಡೆಗಿದೆ. ನಮ್ಮ ಸೀಮೆಯ ಬಹುತೇಕ ಜಾಲತಾಣಗಳ ಮಾಲೀಕರು ಅವುಗಳ ಮಾಲೀಕರಲ್ಲ. ಬೋರ್ಡು ಸಂಸ್ಥೆಯದು, ಬೋರ್ಡಿನ ಕೆಳಗಿನ ಫೋಟೋ ಅಧ್ಯಕ್ಷರದು, ಬಿಲ್ಲು ಖಜಾಂಚಿಯದು. ಡೊಮೈನ್ ಮಾತ್ರ ‘ಆ ಹುಡುಗ’ನದು. ಆ ಹುಡುಗನು ವಿದ್ಯಾನಗರದ ಕಾಲೇಜಿನಲ್ಲಿ ಬಿಇ ಓದುವಾಗ ಯಾರದೋ ಪರಿಚಯದಿಂದ ಬಂದು, ಜಾಲತಾಣ ಕಟ್ಟುವ ಸಿದ್ಧ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿ ಜಾಲತಾಣ ಕಟ್ಟಿಕೊಟ್ಟ, ಶಾಲು ಹೊದಿಸಿಕೊಂಡ, ಬೆಂಗಳೂರಿಗೆ ಹೋದ, ನಂಬರ್ ಬದಲಿಸಿದ. ಡೊಮೈನಿನ ನೋಂದಣಿ, ಹೋಸ್ಟಿಂಗಿನ ಪಾಸ್‌ವರ್ಡು, ಅಡ್ಮಿನ್ ಖಾತೆ ಎಲ್ಲವೂ ಅವನ ಕಾಲೇಜು ದಿನಗಳ ಇಮೇಲಿಗೆ ಗಂಟುಬಿದ್ದಿವೆ. ವರ್ಡ್‌ಪ್ರೆಸ್ 2019ರ 5.2ನೆಯ ಆವೃತ್ತಿಯಿಂದ ಎಷ್ಟು ಸಭ್ಯವಾಗಿದೆಯೆಂದರೆ, ಪ್ಲಗಿನ್ ಎಂಬ ಹೆಚ್ಚುವರಿ ಜೋಡಣೆಯೊಂದು ಕೈಕೊಟ್ಟು ಜಾಲತಾಣ ನಿಂತರೆ ಇಂಥ ಪ್ಲಗಿನ್ನಿನಿಂದ ಹೀಗಾಗಿದೆ, ಈ ಕೊಂಡಿಯ ಮೂಲಕ ಒಳಗೆ ಬಂದು ಸರಿಪಡಿಸಿ ಎಂದು ಅಡ್ಮಿನ್‌ಗೆ ತಾನಾಗಿಯೇ ಪತ್ರ ಬರೆಯುತ್ತದೆ. ಪತ್ರ ಆ ಇಮೇಲಿಗೆ ಹೋಗುತ್ತದೆ. ಡೊಮೈನಿನ ಅವಧಿ ಮುಗಿಯುವ ಸುಮಾರು ಒಂದು ತಿಂಗಳ ಮೊದಲು, ಮತ್ತೆ ಒಂದು ವಾರದ ಮೊದಲು, ಮುಗಿದ ಮೇಲೆ ಇನ್ನೊಮ್ಮೆ ನೆನಪಿನ ಓಲೆ ಕಳಿಸಲೇಬೇಕೆಂಬ ನಿಯಮ ಡಾಟ್ ಕಾಮ್ ಮುಂತಾದ ಹೆಸರುಗಳನ್ನು ಮಾರುವವರ ಮೇಲಿದೆ. ಓಲೆಗಳೂ ಅಲ್ಲಿಗೇ ಹೋಗುತ್ತವೆ. ಆ ಇಮೇಲಿನಷ್ಟು ಪತ್ರವ್ಯವಹಾರ ನಮ್ಮ ಜಿಲ್ಲೆಯ ಯಾವ ಕಚೇರಿಗೂ ಇರಲಾರದು.

1999ರ ಕ್ರಿಸ್‌ಮಸ್ ಹೊತ್ತಿಗೆ ಮೈಕ್ರೋಸಾಫ್ಟ್ ಕಂಪನಿಯೇ ತನ್ನ ‘ಪಾಸ್‌ಪೋರ್ಟ್ ಡಾಟ್ ಕಾಮ್’ ಹೆಸರನ್ನು ನವೀಕರಿಸಲು ಮರೆತು, ಅದರ ಮೂಲಕವೇ ಲಾಗಿನ್ ಆಗುತ್ತಿದ್ದ ಹಾಟ್‌ಮೇಲ್ ಬಳಕೆದಾರರು ಒಳಗೆ ಹೋಗಲಾಗದೆ ಒದ್ದಾಡಿದಾಗ, ಹೊರಗಿನ ಒಬ್ಬ ಪ್ರೋಗ್ರಾಮರ್ ತನ್ನ ಕಾರ್ಡಿನಿಂದ 35 ಡಾಲರ್ ಕಟ್ಟಿ ಕಾಪಾಡಿದ್ದನು. ಅಷ್ಟು ದೊಡ್ಡವರೇ ಮರೆತಿದ್ದಾರೆ ಎಂಬ ಸಮಾಧಾನವನ್ನು ನಮ್ಮವರು ಹಿಡಿದುಕೊಂಡರು, ಹಣ ಕಟ್ಟಿದ ಭಾಗವನ್ನು ಬಿಟ್ಟರು. ಹೀಗೆ ಮುಗಿದುಹೋದ ಡಾಟ್ ಕಾಮ್ ಹೆಸರನ್ನು ಅಳಿಸುವ ಮೊದಲು ದಂಡ ಕಟ್ಟಿ ಬಿಡಿಸಿಕೊಳ್ಳಲು 30 ದಿನಗಳ ಗಡುವು ಇರುತ್ತದೆ. ಅದೂ ಕಳೆದು ಐದು ದಿನಕ್ಕೆ ಹೆಸರು ಸಂತೆಗೆ ಬರುತ್ತದೆ. ಅಲ್ಲಿ ಕಾದು ಕೂತವರು ಕೊಳ್ಳುತ್ತಾರೆ. ಹಾವೇರಿ ಕಡೆಯ ಶಾಲೆಯೊಂದರ ಪ್ರವೇಶಪತ್ರದ ಮೇಲೆ ಇಂದಿಗೂ ದಪ್ಪಕ್ಷರದಲ್ಲಿ ಅಚ್ಚಾಗಿರುವ ವಿಳಾಸವನ್ನು ಒತ್ತಿದ ಪಾಲಕರಿಗೆ ರಮ್ಮಿ ಆಟದ ಆಹ್ವಾನವೂ ಮೊದಲ ಠೇವಣಿಗೆ ಬೋನಸ್ಸೂ ಕಾಣಿಸಿದ್ದು ಹೀಗೆ. ವಿಚಾರಿಸಿದಾಗ ಆಡಳಿತದವರು ವಿಚಲಿತರಾಗಲಿಲ್ಲ, ಜಾಲತಾಣ ಈಗ ಮೊದಲಿಗಿಂತ ಬೇಗ ತೆರೆಯುತ್ತಿದೆ ಎಂಬುದನ್ನು ಗಮನಕ್ಕೆ ತಂದರು.

ಗದಗ ಸೀಮೆಯ ಆ ಸಂಘವೂ ಕೊನೆಗೆ ಹೊಸ ಜಾಲತಾಣವನ್ನೇ ಮಾಡಿಸುವುದೆಂದು ಠರಾವು ಪಾಸು ಮಾಡಿತು. ಉದ್ಘಾಟನೆಗೆ ಅತಿಥಿಗಳು ಗೊತ್ತಾದರು, ಒತ್ತುವ ಗುಂಡಿಗೆ ಹಾವೇರಿಯಿಂದ ಸಣ್ಣದೊಂದು ಯಾಲಕ್ಕಿ ಹಾರವೂ ಬಂತು. ಕಾರ್ಯದರ್ಶಿಯವರ ಅಕ್ಕನ ಮಗನ ಗೆಳೆಯ, ಬಿಇ ಮೂರನೆಯ ವರ್ಷದವನು, ಲ್ಯಾಪ್‌ಟಾಪ್ ತೆರೆದು ಡೊಮೈನ್ ನೋಂದಣಿಯ ಪುಟದಲ್ಲಿ ನಿಂತು ಕೇಳಿದ: “ಸರ್, ಇಲ್ಲಿ ಮೇಲ್ ಐಡಿ ಯಾರದು ಹಾಕ್ಲಿ?”

“ಸದ್ಯಕ್ಕ ನಿಂದ ಹಾಕು ತಮ್ಮಾ,” ಎಂದರು ಕಾರ್ಯದರ್ಶಿಯವರು, “ಆಮ್ಯಾಲ ನೋಡೂಣಂತ.”