ಕಾಲು ಒತ್ತೋ ಕೆಲಸ

"ಅಷ್ಟು ಓದಿ, ಅಷ್ಟು ದೂರ ಹೋಗಿ, ಕೊನೆಗೆ ನಾಯಿ ಕಾಲು ಒತ್ತೋ ಕೆಲಸನಾ?"

ಮೈಸೂರಿನಿಂದ ಅಮ್ಮ ಫೋನ್ ಮಾಡಿ ಕೇಳಿದಳು. ನಾಯಿ ಮಾತ್ರ ಅಲ್ಲ ಅಮ್ಮ, ಕುದುರೆನೂ ಇದೆ ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ.

ನಾನಿರುವುದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್ ಹತ್ತಿರ. ಇಲ್ಲಿ ಪ್ರಾಣಿಗಳಿಗೆ ಮಸಾಜ್ ಮಾಡುವವರಿಗೆ ರಾಜ್ಯ ಸರ್ಕಾರವೇ ಸರ್ಟಿಫಿಕೇಟ್ ಕೊಡುತ್ತದೆ. ಅದಕ್ಕೆ 300 ಗಂಟೆ ತರಬೇತಿ, ಆಮೇಲೆ ಪರೀಕ್ಷೆ. ಕುದುರೆಯಂಥ ದೊಡ್ಡ ಪ್ರಾಣಿಗಳದ್ದೇ ಬೇರೆ, ನಾಯಿ ಬೆಕ್ಕುಗಳದ್ದೇ ಬೇರೆ. ಇಲ್ಲಿನ ಕನ್ನಡದ ಗೆಳತಿಯರಿಗೆ ಹೇಳಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕರು. ಒತ್ತೋದಕ್ಕೆ 300 ಗಂಟೆನಾ ಅಂತ. ಸೇರುವ ಮೊದಲು ನನಗೂ ಜಾಸ್ತಿ ಅನ್ನಿಸಿತ್ತು. ಈಗ ಅರ್ಧ ದಾಟಿದ್ದೇನೆ, ಕಡಿಮೆಯೇ ಆಯಿತು ಅನ್ನಿಸುತ್ತಿದೆ.

ಒತ್ತುವುದನ್ನು ಕಲಿಯಲು ಬಹಳ ದಿನ ಬೇಡ. ಉದ್ದಕ್ಕೆ ಸವರುವುದು, ನಾದುವುದು, ಬೆರಳಿನಿಂದ ಒಂದೇ ಕಡೆ ತಿಕ್ಕುವುದು, ತಟ್ಟುವುದು. ಚಪಾತಿ ಹಿಟ್ಟು ನಾದಿದ ಕೈಗೆ ಇದೆಲ್ಲ ಬೇಗ ಬರುತ್ತದೆ. ಒದ್ದಾಡಿಸುವುದು ಚರ್ಮದ ಕೆಳಗಿನ ಲೋಕ. ನಮಗೆ ಕೊರಳ ಕೆಳಗೆ ಭುಜದ ತನಕ ಅಡ್ಡಕ್ಕೆ ಇರುತ್ತದಲ್ಲ, ಆ ಕಾಲರ್ ಬೋನ್ ಕುದುರೆಗೆ ಇಲ್ಲ ಅಂತ ನಿಮಗೆ ಗೊತ್ತಿತ್ತಾ? ಮುಂಗಾಲಿಗೂ ಎದೆಗೂಡಿಗೂ ಮಧ್ಯೆ ಕೀಲೇ ಇಲ್ಲ. ಬರೀ ಮಾಂಸಖಂಡಗಳ ಜೋಲಿಯಲ್ಲಿ ಆ ಮೈ ತೂಗಿಕೊಂಡಿರುತ್ತದೆ. ಗದ್ದೆ ಕೆಲಸಕ್ಕೆ ಬಂದವರು ಮರಕ್ಕೆ ಸೀರೆ ಕಟ್ಟಿ ಮಗು ಮಲಗಿಸುತ್ತಾರಲ್ಲ, ಹಾಗೆ. ಈ ಮಗು ಮಾತ್ರ 500 ಕಿಲೋ. ಅದರಲ್ಲಿ ನೂರಕ್ಕೆ ಸುಮಾರು 60 ಪಾಲು ಭಾರ ಮುಂಗಾಲುಗಳ ಮೇಲೆ. ಸವಾರ ಹತ್ತಿದರೆ ಅದು ಬೇರೆ. ನಾಯಿಯದೂ ಹೆಚ್ಚುಕಡಿಮೆ ಇದೇ ಕಥೆ. ಹಿಂಗಾಲು ನೋಯುತ್ತಿದ್ದರೆ ಇನ್ನಷ್ಟು ಭಾರ ಮುಂದಕ್ಕೆ ಹಾಕಿ ನಡೆಯುತ್ತದೆ, ಪಾಪ, ಭುಜ ಕಲ್ಲಾಗುತ್ತದೆ. ನಾವು ಭುಜ ಒತ್ತುತ್ತಾ ಕೂತರೆ ಹಿಂಗಾಲಿನ ನೋವು ಹಾಗೇ ಇರುತ್ತದೆ.

ಇನ್ನು ಅವುಗಳ ಮಾತು. ಒತ್ತುತ್ತಿದ್ದಾಗ ಕುದುರೆಯ ಕೆಳತುಟಿ ಜೋತುಬಿದ್ದರೆ, ಬಾಯಿ ಚಪ್ಪರಿಸಿದರೆ, ಆಕಳಿಸಿದರೆ ಬಿಗಿ ಸಡಿಲವಾಗುತ್ತಿದೆ ಅಂತ ಲೆಕ್ಕ. ಅದನ್ನೇ ನಂಬಿಕೊಂಡು ನಾಯಿಯ ಹತ್ತಿರ ಹೋದೆ. ಅದೂ ಆಕಳಿಸಿತು, ತುಟಿ ನೆಕ್ಕಿಕೊಂಡಿತು. ನಾನು ಖುಷಿಯಲ್ಲಿ ಇನ್ನೂ ಒತ್ತಿದೆ. ಟೀಚರ್ ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದರು. ನಾಯಿ ಹಾಗೆ ಮಾಡಿದರೆ ಎಷ್ಟೋ ಸಲ "ಸಾಕು ಬಿಡು ತಾಯಿ" ಅಂತಲೇ ಅರ್ಥ.

ನಾನು ಐದಡಿ ಎತ್ತರ. ನಮ್ಮ ತರಬೇತಿಯ ಹೆಣ್ಣು ಕುದುರೆ ಹೆಗಲಿಗೇ 5 ಅಡಿ 4 ಅಂಗುಲ. ಸ್ಟೂಲ್ ಹಾಕಿಕೊಂಡೇ ಕೆಲಸ. ಅದಕ್ಕೆ ತನ್ನ ನೇರ ಹಿಂದೆ ಇರುವುದು ಕಾಣುವುದಿಲ್ಲ. ಅದಕ್ಕೇ ಹಿಂದಿನಿಂದ ಆ ಬದಿಗೆ ಹೋಗುವಾಗ ಒಂದು ಕೈ ಅದರ ಮೈ ಮೇಲೆಯೇ ಇರಬೇಕು. ಇದನ್ನು ಹೇಳಿಕೊಟ್ಟ ದಿನ ನಜರ್‌ಬಾದಿನ ನಮ್ಮ ಜಟಕಾ ಸಾಬರು ನೆನಪಾದರು. ಸಂಜೆ ಗಾಡಿ ಬಿಚ್ಚಿ, ಒಣಹುಲ್ಲು ಹುರಿ ಮಾಡಿಕೊಂಡು ಕುದುರೆಯ ಬೆನ್ನು ತೊಡೆ ತಿಕ್ಕುತ್ತಿದ್ದರು. ಎಡಗೈ ಒಂದು ಕ್ಷಣವೂ ಮೈಯಿಂದ ಏಳುತ್ತಿರಲಿಲ್ಲ. ಅದು ಅಭ್ಯಾಸ ಅಂದುಕೊಂಡಿದ್ದೆ, ವಿದ್ಯೆ ಅಂತ ಗೊತ್ತಿರಲಿಲ್ಲ. ಹಾಗಂತ ಹಳೆಯದೆಲ್ಲ ಚಿನ್ನ ಅನ್ನುವವಳಲ್ಲ ನಾನು. ಅದೇ ಕುದುರೆಯ ಹೆಗಲ ಮೇಲೆ ಪಟ್ಟಿ ಉಜ್ಜಿ ಆದ ಹುಣ್ಣಿತ್ತು, ವರ್ಷಗಟ್ಟಲೆ ಇತ್ತು.

ಹೊಸಬರಲ್ಲೂ ಬುರುಡೆಗೆ ಕಡಿಮೆಯಿಲ್ಲ. ಮಸಾಜ್ ಮಾಡಿದರೆ ಮೈಯ ವಿಷವೆಲ್ಲ ಹೊರಗೆ ಹೋಗುತ್ತದೆ, ಸಂಧಿವಾತ ವಾಸಿಯಾಗುತ್ತದೆ ಅಂತ ಬೋರ್ಡ್ ಹಾಕಿಕೊಂಡವರನ್ನು ನೋಡಿದ್ದೇನೆ. ಬಿಗಿದ ಮಾಂಸಖಂಡ ಸಡಿಲವಾಗುತ್ತದೆ, ಪ್ರಾಣಿಗೆ ಹಾಯ್ ಅನ್ನಿಸುತ್ತದೆ. ನಾನು ಹೇಳುವುದು ಅಷ್ಟೇ. ಇಲ್ಲಿನ ಕಾನೂನೂ ಇದರಲ್ಲಿ ಖಡಕ್ಕು. ರೋಗ ಇಂಥದ್ದು ಅನ್ನುವಂತಿಲ್ಲ, ಔಷಧಿ ಹೇಳುವಂತಿಲ್ಲ, ಬೆನ್ನುಮೂಳೆ ಸರಿಪಡಿಸುತ್ತೇನೆ ಅಂತ ಲಟಕ್ ಅನ್ನಿಸುವಂತಿಲ್ಲ. ಜ್ವರ ಇದ್ದರೆ, ಗಾಯ ಹಸಿ ಇದ್ದರೆ, ಗಂಟು ಸಿಕ್ಕರೆ ಕೈ ತೆಗೆಯಬೇಕು.

ಕೈ ತೆಗೆಯುವುದೇ ಕಷ್ಟ ಕಣ್ರೀ. ಪಕ್ಕದ ಮನೆಯವರಿಗೆ ಹನ್ನೊಂದು ವರ್ಷದ ಲ್ಯಾಬ್ರಡಾರ್ ಇದೆ. ಕುಂಟುತ್ತಿದೆ, ವಯಸ್ಸಾಯಿತಲ್ಲ, ಸ್ವಲ್ಪ ಒತ್ತಿಕೊಡು ಅಂದರು. ನನಗೂ ಅಭ್ಯಾಸಕ್ಕೆ ಬೇಕಿತ್ತು. ಎರಡೂ ಹಿಂಗಾಲಿನ ಮೇಲೆ ಒಂದೊಂದು ಕೈ ಇಟ್ಟು ಸವರಿದೆ. ಎಡ ತೊಡೆ ಬಲದ್ದಕ್ಕಿಂತ ಸಣ್ಣಗಾಗಿತ್ತು. ಮಂಡಿಯ ಒಳಬದಿ ಊದಿ ಬಿಸಿಯಾಗಿತ್ತು. ಅಲ್ಲಿಗೆ ನಿಲ್ಲಿಸಿ, ಮೊದಲು ಡಾಕ್ಟರಿಗೆ ತೋರಿಸಿ ಅಂದೆ. ಅವರ ಮುಖ ಸಪ್ಪಗಾಯಿತು. ಕೆಲಸ ಬರಲ್ಲ ಅಂದುಕೊಂಡರೋ ಏನೋ. ವಾರ ಬಿಟ್ಟು ಅವರೇ ಬಂದು ಹೇಳಿದರು, ಮಂಡಿಯ ಲಿಗಮೆಂಟ್ ಹರಿದಿತ್ತಂತೆ. ನಾನು ಒತ್ತುತ್ತಾ ಕೂತಿದ್ದರೆ?

ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ, "ನನ್ನ ಬಲಗಡೆ ಮಂಡಿನೂ ಊದಿದೆ ಕಣೇ, ಏನು ಮಾಡಲಿ?" ಅಂದಳು.

"ಡಾಕ್ಟರ ಹತ್ರ ಹೋಗಮ್ಮ" ಅಂದೆ.

"ಇದನ್ನ ಹೇಳೋಕೆ 300 ಗಂಟೆ ಓದ್ಬೇಕಿತ್ತಾ?"