ಹಳೇ ಹಂಚು, ಕೋರೆಯ ಹುಡಿ ಗುಂಡಿಗೆ ಹಾಕುವ ಮೊದಲು

ನಮ್ಮ ಕಾಸರಗೋಡಿನ ಕಡೆ ಈಗ ಹಂಚಿನ ಮನೆ ಕೆಡವುವುದು ಜೋರಾಗಿದೆ. ಪೆರ್ಲ, ಬದಿಯಡ್ಕ, ಪೈವಳಿಕೆ ಎಲ್ಲಿ ಹೋದರೂ ಇದೇ. ಮಾಡಿನ (ಛಾವಣಿಯ) ಮರದ ಪಕಾಸು, ರೀಪು, ಬಾಗಿಲಿನ ದಾರಂದಗಳಿಗೆ ಗಿರಾಕಿ ಸಿಗುತ್ತಾರೆ. ಒಳ್ಳೆ ಹಂಚಿಗೂ ಅಷ್ಟಿಷ್ಟು ಬೆಲೆ ಇದೆ. ಮೂಲೆ ಒಡೆದದ್ದು, ಪಾಚಿ ಹಿಡಿದು ಕಪ್ಪಾದದ್ದು ಮಾತ್ರ ತೋಟದ ಬದಿಯಲ್ಲಿ ರಾಶಿ ಬಿದ್ದು, ಕಡೆಗೆ ಯಾವುದಾದರೂ ಗುಂಡಿ ಸೇರುತ್ತದೆ. ಅದೇ ಜಾಗದಲ್ಲಿ ಏಳುವ ಹೊಸ ಮನೆಗೆ ಲೋಡುಗಟ್ಟಲೆ ಜಲ್ಲಿ, ಎಂ-ಸ್ಯಾಂಡ್, ಸಿಮೆಂಟು ಹೊರಗಿನಿಂದ ಬರುತ್ತದೆ. ಇದನ್ನು ನೋಡಿ ನೋಡಿ ಹೊಟ್ಟೆ ಉರಿದೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಆವೆಯಲ್ಲಿ ಒಮ್ಮೆ ಬೆಂದ ಮಣ್ಣು ಅದು. ಮಾಡು ಇಳಿಸಿದ ಕೂಡಲೇ ಅದರ ಆಯಸ್ಸು ಮುಗಿಯುವುದಿಲ್ಲ. ತಾರಸಿಯ ಸ್ಲಾಬಿನೊಳಗೇ ಅದನ್ನು ಕೂರಿಸಬಹುದು. ಸ್ಲಾಬಿಗೆ ಭಾರ ಬಿದ್ದಾಗ ಮೇಲ್ಭಾಗದ ಕಾಂಕ್ರೀಟು ಒತ್ತಡ ತಡೆಯುತ್ತದೆ, ಕೆಳಭಾಗದ ಎಳೆತವನ್ನು ತಡೆಯುವುದು ಕಬ್ಬಿಣ. ಅಂದ ಮೇಲೆ ಕೆಳಗೆ ಸರಳಿನ ಸುತ್ತ ಬಿಟ್ಟರೆ ಉಳಿದ ಕಾಂಕ್ರೀಟು ಸುಮ್ನೆ ಭಾರ, ಅಲ್ವಾ? ಆ ಜಾಗಕ್ಕೆ ಎರಡು ಹಂಚು ಒಂದರ ಮೇಲೊಂದು ಇಟ್ಟು ಮೇಲೆ ಕಾಂಕ್ರೀಟು ಹಾಕುತ್ತಾರೆ. ಇದೇ ಫಿಲ್ಲರ್ ಸ್ಲಾಬ್. ಇದನ್ನು ಕೇರಳದಲ್ಲಿ ಮನೆಮಾತು ಮಾಡಿದವರು ಕಡಿಮೆ ಖರ್ಚಿನ ಮನೆಗಳಿಗೆ ಹೆಸರಾದ ವಾಸ್ತುಶಿಲ್ಪಿ ಲಾರಿ ಬೇಕರ್. ಕಾಂಕ್ರೀಟಿನಲ್ಲಿ ಶೇ. 20ರ ಆಸುಪಾಸು ಉಳಿತಾಯವಾಗುತ್ತದೆ, ಸ್ಲಾಬ್ ಹಗುರವಾಗುವುದರಿಂದ ಕಬ್ಬಿಣವೂ ಸ್ವಲ್ಪ ಕಡಿಮೆ ಸಾಕು, ಹಂಚುಗಳ ನಡುವೆ ಉಳಿಯುವ ಗಾಳಿಯಿಂದ ಮಾರ್ಚ್, ಏಪ್ರಿಲ್ ಸೆಕೆಯಲ್ಲಿ ಕೋಣೆಯೊಳಗೆ ಬಿಸಿಯೂ ಕಡಿಮೆ ಇಳಿಯುತ್ತದೆ. ಹಂಚನ್ನು ಮೊದಲು ನೀರಿನಲ್ಲಿ ನೆನೆಸಲೇಬೇಕು, ಇಲ್ಲದಿದ್ದರೆ ಅದು ಕಾಂಕ್ರೀಟಿನ ನೀರನ್ನು ಹೀರಿಬಿಡುತ್ತದೆ. ಕಬ್ಬಿಣದ ಲೆಕ್ಕ ಇಂಜಿನಿಯರ್ ಕೈಯಲ್ಲೇ ಮಾಡಿಸಿ. ಅಂದಾಜಿನ ಮೇಲೆ ಮಾಡುವ ಕೆಲಸ ಅಲ್ಲ ಇದು.

ಇನ್ನು ಕೆಂಪುಕಲ್ಲಿನ ಕೋರೆ. ಒಂದು ಪದವು (ಗುಡ್ಡದ ಮೇಲಿನ ಬಯಲು) ಬಿಡದೆ ಕಡಿದಾಯಿತು. ಕಲ್ಲು ಲಾರಿ ಹತ್ತಿ ಹೋಗುತ್ತದೆ. ಮೆಷಿನಿನ ಹುಡಿ, ಚೂರು ಅಲ್ಲೇ ಬಿದ್ದಿದ್ದು ಮಳೆ ಬಂದ ಕೂಡಲೇ ತೋಡಿಗೆ, ಅಲ್ಲಿಂದ ಗದ್ದೆಗೆ ಇಳಿಯುತ್ತದೆ. ಆ ಹುಡಿಯನ್ನು ಜರಡಿ ಹಿಡಿದು, ಜೇಡಿಯ ಅಂಶ ನೋಡಿಕೊಂಡು ಬೇಕಾದರೆ ಹೊಯ್ಗೆ (ಮರಳು) ಸೇರಿಸಿ, ನೂರಕ್ಕೆ 5ರಿಂದ 10 ಪಾಲು ಸಿಮೆಂಟು ಬೆರೆಸಿ ಕೈಯಿಂದ ಒತ್ತುವ ಮೆಷಿನಿನಲ್ಲಿ ಒತ್ತಿದರೆ ಗಟ್ಟಿ ಇಟ್ಟಿಗೆ ಆಗುತ್ತದೆ. ಸುಡುವುದೇ ಬೇಡ, ಕೆಲವು ವಾರ ನೀರು ಹಾಕಿ ನೆರಳಲ್ಲಿಟ್ಟರೆ ಸಾಕು. ಇದು ಹೊಸ ವಿದ್ಯೆಯೂ ಅಲ್ಲ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಹಳ್ಳಿಗಳಿಗೆ ತಂತ್ರಜ್ಞಾನ ತಲುಪಿಸಲೆಂದು 1974ರಲ್ಲಿ ಶುರುವಾದ ಆಸ್ತ್ರ ಕೇಂದ್ರದವರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಇದಕ್ಕೆ ಐಎಸ್ 1725 ಎಂಬ ಸರಕಾರಿ ಮಾನದಂಡವೂ ಇದೆ. ವರ್ಷಕ್ಕೆ 3,000 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುವ ಊರು ನಮ್ಮದು. ಹಾಗಾಗಿ ಅಡಿಪಾಯ ಕಲ್ಲಿನದೇ ಇರಲಿ, ಮಾಡು ಗೋಡೆಯಿಂದ ಚೆನ್ನಾಗಿ ಹೊರಗೆ ಚಾಚಿರಲಿ.

ಆದರೆ ಇಟ್ಟಿಗೆಗೆ ಹುಡಿ ಬೇಕು ಎಂದು ಹೊಸ ಕೋರೆ ತೆರೆಯುವುದಾದರೆ ನಾನು ಇದರ ವಿರುದ್ಧ ನಿಲ್ಲುತ್ತೇನೆ. ಬಾಯಾರು, ಎಣ್ಮಕಜೆ ಕಡೆ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳಿಗೆ ನೀರು ಬರುವುದೇ ಆ ಕೆಂಪುಕಲ್ಲಿನ ಗುಡ್ಡ ಮಳೆನೀರನ್ನು ಕುಡಿದು ಹಿಡಿದಿಡುವುದರಿಂದ. ಕಡಿದು ಬಿಟ್ಟದ್ದನ್ನು ಬಳಸೋಣ, ಅಷ್ಟೇ.

ಇನ್ನೊಂದು ವಿಷಯ. ಈಗೀಗ ಕಸ ಅಂತ ಕಂಡದ್ದನ್ನೆಲ್ಲ ಇಟ್ಟಿಗೆಗೆ ತುಂಬುವ ಉತ್ಸಾಹ ಕಾಣುತ್ತದೆ. ಅಡಿಕೆ ಸಿಪ್ಪೆ, ತೆಂಗಿನ ಸಿಪ್ಪೆ, ಸೋಗೆ ಇವು ನನ್ನ ಪ್ರಕಾರ ಕಸವೇ ಅಲ್ಲ. ಬುಡಕ್ಕೆ ಹಾಕಿದರೆ ಬೇಸಗೆಯಲ್ಲಿ ತೇವ ಹಿಡಿಯುತ್ತವೆ, ಕೊಳೆತರೆ ಗೊಬ್ಬರ. ಮರದ ಪಾಲು ಕಿತ್ತು ಗೋಡೆಗೆ ಹಾಕಿ ಆಮೇಲೆ ಪೇಟೆಯಿಂದ ಗೊಬ್ಬರ ತರುವುದರಲ್ಲಿ ಅರ್ಥ ಇಲ್ಲ. ಪ್ಲಾಸ್ಟಿಕ್ ಕರಗಿಸಿ ಮಾಡಿದ ಇಟ್ಟಿಗೆಯ ಮನೆಯೂ ನನಗೆ ಬೇಡ, ಬೆಂಕಿ ಬಿದ್ದರೆ ಆ ಹೊಗೆಯಲ್ಲಿ ಉಸಿರು ಕಟ್ಟುವುದು ಒಳಗಿದ್ದ ಮಕ್ಕಳಿಗೆ. ಪಂಚಾಯತಿನ ಕಸ ಸಂಗ್ರಹದ ತಂಡವಾದ ಹರಿತ ಕರ್ಮ ಸೇನೆಯ ಹೆಂಗಸರು ಬಿಸಿಲಲ್ಲಿ ಮನೆ ಮನೆ ತಿರುಗಿ ಒಟ್ಟುಮಾಡುವ ಪ್ಲಾಸ್ಟಿಕ್ಕಿನಲ್ಲಿ ಸರಿಯಾದದ್ದನ್ನು ಆರಿಸಿ ಡಾಮರು ರಸ್ತೆಗೆ ಹಾಕಲಿ. ಆ ದಾರಿಯನ್ನು ಮಧುರೆಯ ಪ್ರೊಫೆಸರ್ ವಾಸುದೇವನ್ ಯಾವತ್ತೋ ತೋರಿಸಿಕೊಟ್ಟಿದ್ದಾರೆ.

ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಆಗುವುದಿಲ್ಲ? ಮಣ್ಣಿನ ಇಟ್ಟಿಗೆ ಎಂದರೆ ಬಡವರ ಮನೆ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಅದಕ್ಕೇ ಇದನ್ನು ಮನೆಯಿಲ್ಲದವರಿಗೆ ಕೇರಳ ಸರಕಾರ ಕೊಡುವ ಲೈಫ್ ಮಿಷನ್ ಮನೆಗಳಿಂದ ಶುರು ಮಾಡಬಾರದು ಎನ್ನುವುದು ನನ್ನ ವಾದ. 4 ಲಕ್ಷದಲ್ಲಿ ಮನೆ ಮುಗಿಸಲು ಒದ್ದಾಡುವವರ ಮೇಲೆ ಪ್ರಯೋಗ ಮಾಡುವುದು ನ್ಯಾಯವಲ್ಲ. ಮೊದಲು ಪಂಚಾಯತ್ ಆಫೀಸು, ಕೃಷಿ ಭವನ, ಬ್ಯಾಂಕಿನ ಕಟ್ಟಡ ಹೀಗೆ ಕಟ್ಟಲಿ. ಇಂಥ ಕೆಲಸಕ್ಕೆಂದೇ ಹುಟ್ಟಿದ ನಿರ್ಮಿತಿ ಕೇಂದ್ರ ಕೇರಳದಲ್ಲಿದೆ. ನಮ್ಮ ಮೇಸ್ತ್ರಿಗಳಿಗೆ ದಿನಗೂಲಿ ಕೊಟ್ಟೇ ತರಬೇತಿ ಕೊಡಿಸಲಿ, ಕೆಲಸ ಬಿಟ್ಟು ಪುಕ್ಕಟೆ ಕಲಿಯಲು ಯಾರು ಬರುತ್ತಾರೆ?

ಮನೆ ಕೆಡವಲು ಹೊರಟವರು ಹಂಚನ್ನು ಜೆಸಿಬಿಗೆ ಬಿಡಬೇಡಿ, ಜನ ಹಿಡಿದು ಕೈಯಲ್ಲೇ ಇಳಿಸಿ. ನಿಮಗೆ ಬೇಡವಾದರೆ ಈ ಬರಹದ ಕೆಳಗೆ ಒಂದು ಮಾತು ಹಾಕಿ, ಬೇಕಾದವರು ಬಂದು ಒಯ್ಯುತ್ತಾರೆ. ಮತ್ತೆ ಕುಂಬಳೆ, ಮಂಜೇಶ್ವರ ಕಡೆ ಫಿಲ್ಲರ್ ಸ್ಲಾಬ್ ಹಾಕಿ ಅಭ್ಯಾಸ ಇರುವ ಮೇಸ್ತ್ರಿಗಳು ಗೊತ್ತಿದ್ದರೆ ತಿಳಿಸಿ. ಈ ಮಳೆಗಾಲ ಮುಗಿದ ಮೇಲೆ ಮನೆ ಕಟ್ಟುವವರು ಕೇಳುತ್ತಾ ಇದ್ದಾರೆ.